ಅಜ್ಜಿ ಕೇಳಿದ ಎರಡು ಒಲೆ

ನೀರು ಇಳಿದ ನಾಲ್ಕನೇ ದಿನ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಪರಿಹಾರದ ಲಾರಿ ಬಂತು. ಎಲ್ಲರೂ ಅತ್ತ ಓಡಿದರೆ, ಅಜ್ಜಿ ಮಾತ್ರ ಮನೆಮಂದಿ ಆಸರೆ ಪಡೆದಿದ್ದ ನಾಲ್ಕನೇ ಕ್ಲಾಸಿನ ಬಾಗಿಲಲ್ಲಿ ನಿಂತು ತನ್ನ ಇಬ್ಬರು ಸೊಸೆಯಂದಿರನ್ನು ನೋಡುತ್ತಿದ್ದಳು. ದೊಡ್ಡವಳು ಚಿಕ್ಕವಳ ತಲೆ ಬಾಚುತ್ತಿದ್ದಳು. ಅಜ್ಜಿಯ ಎದೆ ಧಸಕ್ಕೆಂದಿತು. ಮನೆಯೊಳಗೆ ಸೊಂಟದ ಮಟ್ಟ ನೀರು ನುಗ್ಗಿದಾಗಲೂ ಅದು ಹೀಗೆ ಧಸಕ್ಕೆಂದಿರಲಿಲ್ಲ.

ಕಾರಣವಿತ್ತು. ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಎರಡು ಒಲೆ. ಕುಕ್ಕರಿನ ರಬ್ಬರು ಕಳೆದುಹೋದದ್ದೇ ನೆಪವಾಗಿ ವಾರಗಿತ್ತಿಯರು ಮಾತು ಬಿಟ್ಟಿದ್ದರು. ದೊಡ್ಡವಳು ಅಡುಗೆಮನೆ ಹಿಡಿದಳು, ಚಿಕ್ಕವಳು ಹಿಂದಿನ ವರಾಂಡದಲ್ಲಿ ಒಲೆ ಹೂಡಿದಳು. ಬೀದಿಯವರೆಲ್ಲ ಅಯ್ಯೋ ಪಾಪ ಅಂದರು. ಅಜ್ಜಿಯೂ ಎಲ್ಲರೆದುರು ಕಣ್ಣೊರೆಸಿಕೊಂಡಳು. ಒಳಗೊಳಗೆ ಅವಳಿಗೆ ಅದು ಸುಗ್ಗಿಯ ಕಾಲ. ಮಧ್ಯಾಹ್ನ ದೊಡ್ಡವಳಲ್ಲಿ ಊಟ, ಸಂಜೆ ಚಿಕ್ಕವಳಲ್ಲಿ. ಒಬ್ಬಳು ಅತ್ತೆಯ ತಟ್ಟೆಗೆ ಒಂದು ಚಮಚ ಬೆಣ್ಣೆ ಹಾಕಿದಳೆಂಬ ಸುದ್ದಿ ಗೋಡೆ ದಾಟಿದರೆ ಇನ್ನೊಬ್ಬಳು ಎರಡು ಹಾಕುತ್ತಿದ್ದಳು. ಸುದ್ದಿಯನ್ನು ಗೋಡೆ ದಾಟಿಸುವ ಕೆಲಸ ಯಾರದೆಂದು ಬಿಡಿಸಿ ಹೇಳಬೇಕಿಲ್ಲ.

ಹಾಳು ನೀರು ಎಲ್ಲ ಕೆಡಿಸಿತು. ಮನೆಮಂದಿ ಮಾಡು ಹತ್ತಿ ಆರು ಗಂಟೆ ಒಂದೇ ಪ್ಲಾಸ್ಟಿಕ್ ಹಾಳೆಯಡಿ ಕೂತಿದ್ದಾಗ ಚಿಕ್ಕವಳ ತಲೆ ಮೇಲೊಂದು ಕಪ್ಪೆ ಹಾರಿತು. ದೊಡ್ಡವಳು ಅದರ ಕಾಲು ಹಿಡಿದು ಬೀಸಿ ಎಸೆದಳು. ಅದು ಮೂರು ಬೀದಿ ಆಚೆ, ಟೋಪಿ ಹಾಕಿಕೊಂಡು ದೋಣಿಯಲ್ಲಿ ಬರುತ್ತಿದ್ದ ದೊಡ್ಡ ಸಾಹೇಬರ ಮಡಿಲಲ್ಲಿ ಬಿತ್ತಂತೆ. ನಂಬುವವರು ನಂಬಲಿ. ಕಪ್ಪೆ ಹೋದದ್ದೇ ಚಿಕ್ಕವಳು ಹನ್ನೊಂದು ವರ್ಷದ ಮೇಲೆ ಮೊದಲ ಬಾರಿ "ಅಕ್ಕಾ" ಅಂದಳು. ಅಷ್ಟೇ, ಅಜ್ಜಿಯ ರಾಜ್ಯ ಹೋಯಿತು.

ಈಗ ಲಾರಿಯವರ ನಿಯಮ ಏನೆಂದರೆ, ಒಂದು ಒಲೆಗೆ ಒಂದು ಕಿಟ್. ಒಂದು ಸ್ಟೌ, ನಾಲ್ಕು ಪಾತ್ರೆ, ಅಕ್ಕಿ, ಬೇಳೆ, ಎಣ್ಣೆ, ಎರಡು ಕಂಬಳಿ. ಮನೆಗೆ ಎಷ್ಟು ಬಾಗಿಲಿದ್ದರೂ ಸರಿ, ಒಟ್ಟಿಗೆ ಉಣ್ಣುವವರೆಲ್ಲ ಒಂದು ಒಲೆ. ಒಂದೇ ಸ್ಟೌ ಬಂದರೆ ಸೊಸೆಯರು ಒಂದಾಗಿಯೇ ಉಳಿಯುತ್ತಾರೆ. ಲಾರಿ ಹೊರಡುವ ಮುಂಚೆ ಅಜ್ಜಿಗೆ ಎರಡು ಒಲೆ ಬೇಕಿತ್ತು.

ಮೊದಲು ಕಿಡಿ ಹೊತ್ತಿಸಿ ನೋಡಿದಳು.

"ದೊಡ್ಡವಳೇ, ಆ ಕುಕ್ಕರ್ ರಬ್ಬರು ಯಾರು ತಗೊಂಡ್ರು ಅಂತ ಕೊನೆಗೂ ಗೊತ್ತಾಗ್ಲೇ ಇಲ್ಲ ನೋಡು."

"ರಬ್ಬರಿಗೇನತ್ತೆ, ಕುಕ್ಕರೇ ತೇಲ್ಕೊಂಡು ಹೋಯ್ತು," ಎಂದಳು ದೊಡ್ಡವಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಚಿಕ್ಕವಳೇ, ನಿನ್ನ ಒಗ್ಗರಣೆ ವಾಸನೆಗೆ ತಲೆನೋವು ಬರುತ್ತೆ ಅಂತಿದ್ಲು ನಿಮ್ಮಕ್ಕ."

"ನಿಜಾನೇ ಅತ್ತೆ, ನಂಗೂ ಬರ್ತಿತ್ತು."

ಒದ್ದೆ ಕಟ್ಟಿಗೆಗೆ ಕಡ್ಡಿ ಗೀರಿದ ಹಾಗಾಯಿತು. "ಹನ್ನೊಂದು ಜನಕ್ಕೆ ಒಂದು ಕಿಟ್ ಎಲ್ಲಿ ಸಾಕಾಗುತ್ತೇ?" ಎಂದು ಅಜ್ಜಿ ಕೊನೆಯ ಬಾಣ ಬಿಟ್ಟಳು.

"ಸ್ವಲ್ಪ ಕಡಿಮೆ ತಿಂದ್ರಾಯ್ತು. ಸುಳ್ಳು ಹೇಳಿ ಇನ್ನೊಬ್ಬರ ಪಾಲು ಯಾಕೆ ಕಿತ್ಕೋಬೇಕು?" ಎಂದಳು ದೊಡ್ಡವಳು.

ಕಡಿಮೆ ತಿನ್ನುವ ಮಾತು ಕಿವಿಗೆ ಬಿದ್ದದ್ದೇ ಅಜ್ಜಿ ಮಂಡಿನೋವು ಮರೆತು ಲಾರಿಯ ಕಡೆ ನಡೆದಳು.

ಟೋಕನ್ ಕೊಡುತ್ತಿದ್ದವನು ಬಸ್ಸಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಕಂಡಕ್ಟರ್. ಸಂಬಳವಿಲ್ಲದೆ, ಅವನಾಗೇ ಬಂದು ಮಾಡುತ್ತಿದ್ದ ಕೆಲಸ. ಬಟ್ಟಬಯಲಲ್ಲಿ ನಿಂತೂ "ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ಕೂಗುತ್ತಿದ್ದ.

"ನಮ್ಮನೇಲಿ ಎರಡು ಒಲೆ ಕಣಪ್ಪಾ, ಎರಡು ಟೋಕನ್ ಹರಿ."

"ಇನ್ನೊಂದು ಒಲೆಯವರು ಎಲ್ಲಜ್ಜಿ?"

"ಅಯ್ಯೋ, ಇಬ್ಬರೂ ಜೊತೇಲಿ ಬರ್ತಾರಾ? ಒಬ್ಬರ ಮುಖ ಕಂಡ್ರೆ ಒಬ್ಬರಿಗಾಗಲ್ಲ. ಒಂದೇ ರೂಮಲ್ಲಿ ಬಿಟ್ರೆ ಕೊಲೆ ಆಗುತ್ತೆ."

ಕಂಡಕ್ಟರ್ ಕಿವಿಯ ಹಿಂದಿನ ಪೆನ್ನು ತೆಗೆದ. "ಹಾಗಾದ್ರೆ ನೋಡ್ಲೇಬೇಕು."

ಬಂದು ನೋಡಿದರೆ ಕೊಲೆಗಾರ್ತಿಯರು ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡು ಕುಡಿಯುತ್ತಿದ್ದರು.

"ಎಷ್ಟು ಒಲೆಯಮ್ಮಾ?" ಎಂದ.

"ಒಂದು," ಎಂದರು ಸೊಸೆಯರು.

"ಎರಡು," ಎಂದಳು ಅಜ್ಜಿ. "ಮರ್ಯಾದೆಗೆ ಒಂದು ಅಂತಾರೆ. ಮಧ್ಯಾಹ್ನ ನಾನು ದೊಡ್ಡವಳಲ್ಲಿ ಉಣ್ತೀನಿ, ಸಂಜೆ ಚಿಕ್ಕವಳಲ್ಲಿ. ಬೀದಿಗೆ ಬೀದಿಯೇ ಹೇಳುತ್ತೆ, ಕೇಳು ಬೇಕಾದ್ರೆ."

ಕಂಡಕ್ಟರ್ ತಲೆ ಕೆರೆದುಕೊಂಡ. ಅವನ ಸರ್ವೀಸಿನಲ್ಲೇ ಹೀಗೆ ಒಂದು ಪ್ಯಾಸೆಂಜರು ಎರಡು ಬಸ್ಸಿನಲ್ಲಿ ಕೂತದ್ದಿರಲಿಲ್ಲ. "ಎರಡು ಇದ್ರೂ ನಿಮ್ಮನ್ನ ಒಂದ್ರಲ್ಲೇ ಬರೀಬೇಕಜ್ಜಿ. ಯಾರ ಒಲೆಗೆ ಬರೀಲಿ?"

ಇಲ್ಲೇ ಅಜ್ಜಿ ಎಡವಿದ್ದು. ತನಗಾಗಿ ಈಗ ಕಿತ್ತಾಟ ಶುರುವಾಗುತ್ತದೆಂದು ಅವಳು ಬಾಯಿ ಮುಚ್ಚಿಕೊಂಡು, ಕಣ್ಣರಳಿಸಿ ಕಾದಳು.

ದೊಡ್ಡವಳು ನಯವಾಗಿ, "ಹಾಗೆ ಬರೀಲೇಬೇಕು ಅಂದ್ರೆ ಚಿಕ್ಕವಳಲ್ಲೇ ಬರ್ಕೊಳ್ಳಿ. ಅತ್ತೆಗೆ ಅವಳ ಕೈರುಚಿಯೇ ಇಷ್ಟ. ದಿನಾ ನನ್ನ ಮುಂದೆ ಹೇಳ್ತಿದ್ರು, ಅವಳ ಹಾಗೆ ಮಾಡೋಕೆ ನಿಂಗೆ ಈ ಜನ್ಮದಲ್ಲಿ ಬರಲ್ಲ ಅಂತ," ಎಂದಳು.

ಚಿಕ್ಕವಳ ಲೋಟ ಅರ್ಧದಲ್ಲೇ ನಿಂತಿತು. "ನಿಂಗೆ ಹಾಗಂತಿದ್ರಾ ಅಕ್ಕ? ನಂಗೆ, ದೊಡ್ಡವಳ ಅಡುಗೆ ಮುಂದೆ ನಿಂದು ಗೋಡೆಗೆ ಬಳಿಯೋ ಸುಣ್ಣ ಅಂತಿದ್ರು."

"ಬೆಣ್ಣೆ?"

"ನೀನು ಎರಡು ಚಮಚ ಹಾಕ್ತೀಯ ಅಂತ ಹೇಳಿ ಮೂರು ಹಾಕಿಸ್ಕೊಂಡ್ರು."

"ನಾನು ಹಾಕ್ತಿದ್ದಿದ್ದು ಒಂದು ಕಣೇ!"

ಇಬ್ಬರೂ ನಿಧಾನವಾಗಿ ಅತ್ತೆಯ ಕಡೆ ತಿರುಗಿದರು. ಅಜ್ಜಿ ಗೋಡೆಯ ಮೇಲಿನ ಮಗ್ಗಿಯನ್ನು ಓದತೊಡಗಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

ಆಮೇಲೆ ವಾರಗಿತ್ತಿಯರು ಕಿವಿಯಲ್ಲಿ ಬಾಯಿಟ್ಟು ಏನೋ ಪಿಸುಗುಟ್ಟಿಕೊಂಡರು. ದೊಡ್ಡವಳು ಗಂಟಲು ಸರಿಮಾಡಿಕೊಂಡು, "ಅತ್ತೆ ಹೇಳಿದ್ದೇ ಸರಿ ಅಣ್ಣಾ. ನಮ್ಮಲ್ಲಿ ಎರಡು ಒಲೆ. ನಾವಿಬ್ಬರೂ ಗಂಡ ಮಕ್ಕಳ ಸಮೇತ ಒಂದು. ಅತ್ತೆಯದು ಇವತ್ತಿಂದ ಬೇರೆ," ಎಂದಳು.

"ಬೇರೆ ಒಲೆ ಹೂಡ್ತೀರಾ ಅಜ್ಜಿ? ನಿಜ ಹೇಳ್ಬೇಕು."

ಅಜ್ಜಿ ಇಕ್ಕಟ್ಟಿಗೆ ಸಿಕ್ಕಿದಳು. ಇಲ್ಲವೆಂದರೆ ಒಂದೇ ಕಿಟ್, ಜೊತೆಗೆ ಇಡೀ ಶಾಲೆಯೆದುರು ಸುಳ್ಳಿ ಅನ್ನಿಸಿಕೊಳ್ಳಬೇಕು. ಹೌದೆಂದರೆ ಒಲೆಯ ಮುಂದೆ ಕೂರಬೇಕು.

"ಹೂಂ," ಎಂದಳು, ಭೇದಿ ಔಷಧ ಕುಡಿದವಳ ಹಾಗೆ.

ಕಂಡಕ್ಟರ್ ಎರಡು ಟೋಕನ್ ಹರಿದ. ದೊಡ್ಡ ಮಗ ಒಂದು ಕಿಟ್ ಹೊತ್ತು ತಂದ, ಚಿಕ್ಕ ಮಗ ಇನ್ನೊಂದನ್ನು. ಏನಾಯಿತೆಂದು ಇಬ್ಬರೂ ಕೇಳಲಿಲ್ಲ. ಹನ್ನೊಂದು ವರ್ಷ ಕೇಳದೆ ಬದುಕಿ ಅಭ್ಯಾಸವಾಗಿತ್ತು.

ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಅಜ್ಜಿ ಹೊಸ ಸ್ಟೌವಿನ ಮುಂದೆ ಕೂತಳು. ನೀರು ಹೆಚ್ಚಾಯಿತೆಂದು ಅಕ್ಕಿ ಸುರಿದಳು, ಅಕ್ಕಿ ಹೆಚ್ಚಾಯಿತೆಂದು ನೀರು ಸುರಿದಳು. ಪಾತ್ರೆ ತುಂಬಿ ಹೊಸ್ತಿಲವರೆಗೆ ಗಂಜಿ ಹರಿಯಿತು. ಇದು ಎರಡನೇ ಪ್ರವಾಹವೆಂದು ಯಾರೋ ಚಾಪೆ ಎತ್ತಿಕೊಂಡರು.

ಕತ್ತೆತ್ತಿ ನೋಡಿದರೆ ಎದುರಿಗೆ ಸಾಲಾಗಿ ಹತ್ತು ತಟ್ಟೆ. ಆರು ಮೊಮ್ಮಕ್ಕಳು, ಇಬ್ಬರು ಮಕ್ಕಳು, ಕೊನೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತ ಸೊಸೆಯರು.

"ಏನ್ರೇ ಇದು? ನಿಮ್ಮ ಒಲೆ ಎಲ್ಲಿ?"

"ನಮ್ಮದು ರಾತ್ರಿ ಊಟಕ್ಕೆ ಹಚ್ತೀವಿ ಅತ್ತೆ," ಎಂದಳು ಚಿಕ್ಕವಳು. "ಆಗ ನೀವು ಬನ್ನಿ. ಬೆಣ್ಣೆ ಅಂತೂ ಇಲ್ಲ."

ಅಜ್ಜಿ ಹಲ್ಲು ಕಚ್ಚಿಕೊಂಡು ಬಡಿಸಿದಳು. ಹತ್ತು ಬಾಯಿ ಒಮ್ಮೆಗೇ ಅಗಿದು, ಒಮ್ಮೆಗೇ ನಿಂತವು. ಕೊನೆಗೆ ದೊಡ್ಡ ಮಗನೇ ಧೈರ್ಯ ಮಾಡಿದ.

"ಅಮ್ಮಾ, ಉಪ್ಪು ಸ್ವಲ್ಪ..."

ಅಜ್ಜಿ ಸೌಟನ್ನು ಪಾತ್ರೆಗೆ ಠಣ್ಣೆಂದು ಕುಕ್ಕಿದಳು.

"ಸರಿಹೋಗ್ದಿದ್ರೆ ಲಾರಿ ಇನ್ನೂ ಇಲ್ಲೇ ಇದೆ. ಹೋಗಿ ಬೇರೆ ಒಲೆ ಬರೆಸ್ಕೋ."