ಒಂದೇ ಮೈಕಿನ ರಿವಾಯತ

ಚಿಕ್ಕನರಗುಂದದಲ್ಲಿ ಮೊಹರಂ ಬಂತೆಂದರೆ ಹೇಮಪ್ಪ ಶೋಕದ ಪದವಾದ ರಿವಾಯತದ ಸವಾಲು ಹಾಕಬೇಕು, ಅಬ್ದುಲಗನಿ ಜವಾಬು ಹಾಡಬೇಕು. ಇಪ್ಪತ್ತೆರಡು ವರ್ಷ ಹಾಗೇ ನಡೆದಿತ್ತು. ಜವಾಬಿಲ್ಲದ ಸವಾಲು ಕರ್ಬಲಾದ ಕಾಳಗದಲ್ಲಿ ನೀರಿಲ್ಲದೆ ಬಾಯಾರಿದವರಿಗೆ ಬರಿಗೊಡ ತೋರಿಸಿದ ಹಾಗೆ ಎಂದು ಅಬ್ದುಲಗನಿಗೆ ಪದ ಕಲಿಸಿದ ಉಸ್ತಾದರು ಹೇಳುತ್ತಿದ್ದರು. ಅದನ್ನು ಅವನು ನಮಾಜಿನಷ್ಟೇ ನಂಬಿದ್ದ.

೨೦೦೬ರಲ್ಲಿ ನರಗುಂದದ ಕಂಪ್ಯೂಟರ್ ಅಂಗಡಿಯ ಇಲಿಯಾಸ ಇಬ್ಬರ ಮುಂದೂ ಒಂದೊಂದು ಮೈಕಿಟ್ಟು ಪದ ರೆಕಾರ್ಡ್ ಮಾಡಿಕೊಂಡ. ಯಾವುದೋ ಇಂಟರ್‌ನೆಟ್ ರೇಡಿಯೋಕ್ಕೆ ಅದನ್ನು ಎರಡು ನಮೂನೆ ಮಾಡಿ ಕಳಿಸುವುದಿತ್ತು: ವೇಗದ ಲೈನಿನವರಿಗೆ ದೊಡ್ಡ ಫೈಲು, ಟೆಲಿಫೋನ್ ಲೈನಿನವರಿಗೆ ಹದಿನಾರು ಕೆಬಿಪಿಎಸ್‌ಗೆ ಇಳಿಸಿದ ಸಣ್ಣದು.

ವಾರದ ಮೇಲೆ ಅಬ್ದುಲಗನಿ ಅಂಗಡಿಗೆ ಬಂದ. ಹೇಮಪ್ಪ ಆಗಲೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅಬ್ದುಲಗನಿ ಟೋಪಿ ಸರಿಮಾಡಿಕೊಂಡು ಹೆಡ್‌ಫೋನು ಹಾಕಿಕೊಂಡ. ಇಲಿಯಾಸ ಸಣ್ಣ ಫೈಲು ಹಚ್ಚಿದ. ಕೂಸಿಗೆ ನೀರು ತಂದವರ್ಯಾರು ಎಂದು ಹೇಮಪ್ಪನ ದನಿ ಕೇಳಿತು. ಮರುಕ್ಷಣವೇ, ತಾಯಿಯ ಕಣ್ಣೀರು ಒರೆಸಿದವರ್ಯಾರು ಎಂದಿತು. ನಡುವೆ ತನ್ನ ಜವಾಬಿಲ್ಲ, ಅದಕ್ಕೆ ಜಾಗವೂ ಇಲ್ಲ. ಸಣ್ಣದು ಮಾಡುವಾಗ ದನಿ ಸತ್ತಿರಬೇಕು ಎಂದುಕೊಂಡು ದೊಡ್ಡದನ್ನು ಹಚ್ಚಲು ಹೇಳಿದ. ಅದೂ ಹಾಗೇ ಇತ್ತು.

ಇಲಿಯಾಸ ಹೇಮಪ್ಪನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿದ. "ಎರಡೂ ಮೈಕು ಕೂಡಿಸಿದ್ರೂ ಫೈಲು ಅಷ್ಟ ಆಗ್ತದರಿ ಚಾಚಾ. ಸಣ್ಣದು ಮಾಡೂದಕ್ಕೂ ಇದಕ್ಕೂ ಸಂಬಂಧಿಲ್ಲ. ನಿಮ್ಮ ಮೈಕು ತೆಗಿ, ಖಾಲಿ ಜಾಗಾನೂ ಕತ್ತರಿಸು ಅಂದವ್ರು ಹೇಮಪ್ಪ ಕಾಕಾ."

ಹೇಮಪ್ಪ ಕಪ್ಪು ಕೆಳಗಿಟ್ಟ. "ರೇಡಿಯೋದವ್ರು ಒಬ್ಬನ ಹೆಸರು ಸಾಕಂದ್ರು ಗನಿ. ನಿನಗೇನ ಹೆಸರಿನ ಆಸೆ ಇಲ್ಲಲ್ಲ."

"ಹೆಸರು ಒಯ್ಯೋ ಮಾರಾಯ. ಜವಾಬು ಯಾಕ ಒಯ್ದಿ?"

ಹೇಮಪ್ಪ ಮತ್ತೆ ಕಪ್ಪು ಎತ್ತಿಕೊಂಡ. ಮೂಲದ ರೆಕಾರ್ಡಿಂಗ್ ಇದೆಯೇ ಎಂದು ಅಬ್ದುಲಗನಿ ಕೇಳಿದರೆ, ಡಿಸ್ಕಿನಲ್ಲಿ ಜಾಗವಿಲ್ಲದೆ ಅಳಿಸಿದ್ದಾಗಿ ಇಲಿಯಾಸ ಹೇಳಿದ.

ಅಬ್ದುಲಗನಿ ಮತ್ತೊಮ್ಮೆ ಹಚ್ಚಿಸಿದ. ಕಣ್ಣು ಮುಚ್ಚಿ, ಮೊದಲ ಸವಾಲಿಗೆ ಜವಾಬು ಎತ್ತಿದ. ಎರಡು ಶಬ್ದ ಬರುವಷ್ಟರಲ್ಲಿ ಗೆಳೆಯನ ಎರಡನೆಯ ಸವಾಲು ಅವನ ದನಿಯ ಮೇಲೆ ಹಾದುಹೋಯಿತು. ಮೂರನೆಯದಕ್ಕೆ ಬಾಯಿ ತೆರೆಯುವುದೂ ಆಗಲಿಲ್ಲ. ಹೆಡ್‌ಫೋನು ತೆಗೆದು ಹೇಮಪ್ಪನ ತೊಡೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಮುಂದಿನ ಮೊಹರಂನಿಂದ ಚಿಕ್ಕನರಗುಂದದಲ್ಲಿ ಅಬ್ದುಲಗನಿ ಒಬ್ಬನೇ ಕೂತು, ಸವಾಲನ್ನೂ ತಾನೇ ಹಾಕಿ, ಜವಾಬನ್ನೂ ತಾನೇ ಹಾಡತೊಡಗಿದ.