ಬೀಗರ ಕಡೆ

ನನ್ನ ಗಂಡನಿಗೆ ಚಂದದ ಚಿತ್ರದ ಹುಚ್ಚು. ಎದುರಿಗೆ ಅವನನ್ನು ನೀವು ಎಂದೇ ಕರೆಯುತ್ತಿದ್ದೆ, ಇಲ್ಲಿ ಆ ಮರ್ಯಾದೆ ಬೇಡ. ತಗಡು ಒತ್ತುವ ಪ್ರೆಸ್ಸಿಗೆ ಕಾವಲಿರುವ ಕ್ಯಾಮೆರಾ ಚಂದ ಕಟ್ಟಿಕೊಂಡು ಏನು ಮಾಡಬೇಕು? ಪ್ರೆಸ್ಸಿನ ಬಾಯಿಯೊಳಗೆ ಕೈ ಕಂಡರೆ ಯಂತ್ರ ನಿಲ್ಲಿಸಬೇಕು, ಅಷ್ಟೇ ಅದರ ಕೆಲಸ.

ಅದರಲ್ಲಿ ಚಿತ್ರ ಹಿಡಿಯುವ ಸಿಸಿಡಿ ಸೆನ್ಸರನ್ನು ಓಡಿಸುವ ಬೋರ್ಡು ನಾನು ಮಾಡಿದ್ದು. ಸೆನ್ಸರಿನ ಪುಟ್ಟ ಪುಟ್ಟ ಗುಂಡಿಗಳಲ್ಲಿ ಬೆಳಕು ಬಿದ್ದಷ್ಟೂ ಚಾರ್ಜು ತುಂಬುತ್ತದೆ. ವಿದ್ಯುತ್ತಿನ ಒಂದು ದೊಡ್ಡ ಪಲ್ಸ್ ಕೊಟ್ಟರೆ ತುಂಬಿದ್ದೆಲ್ಲ ಚೆಲ್ಲಿಹೋಗಿ ಮತ್ತೆ ಮೊದಲಿನಿಂದ ಶುರು, ಆಮೇಲೆ ತುಂಬಿದ್ದಷ್ಟೇ ಚಿತ್ರ. ಬೆಳಕು ಹೆಚ್ಚಿದ್ದರೆ ತಡವಾಗಿ ಚೆಲ್ಲಬೇಕು, ಕಡಿಮೆಯಿದ್ದರೆ ಬೇಗ. ಯಾವ ಬೆಳಕನ್ನು ನೋಡಿ ತೀರ್ಮಾನಿಸಬೇಕು ಎಂಬುದಕ್ಕೆ ಒಂದು ಸ್ವಿಚ್ಚಿತ್ತು. ಒಂದು ಕಡೆ ತಿರುಗಿಸಿದರೆ ಪ್ರೆಸ್ಸಿನ ಬಾಯಿಯನ್ನಷ್ಟೇ ನೋಡುತ್ತದೆ. ಬಾಯಿ ಸ್ಪಷ್ಟ, ಉಳಿದ ಕಾರ್ಖಾನೆಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಇನ್ನೊಂದು ಕಡೆ ಇಡೀ ಚಿತ್ರದ ಸರಾಸರಿ. ಗೋಡೆ, ನೆಲ, ಮುಖ ಎಲ್ಲ ಲಕ್ಷಣವಾಗಿ ಕಾಣುತ್ತವೆ. ಇಂಥದೇ ಕ್ಯಾಮೆರಾ ಕೊಳ್ಳುವವರು ಕಾರ್ಖಾನೆಗೆ ನೋಡಲು ಬಂದಾಗ ಅದನ್ನು ಮಾರುವ ಗಂಡ ಈ ಕಡೆಗೆ ತಿರುಗಿಸುತ್ತಿದ್ದ, ಅವರು ಹೋದ ಮೇಲೆ ವಾಪಸ್. ಹಾಗಾಗಿ ಆ ಬದಿಗೆ "ಬೀಗರ ಕಡೆ" ಎಂದು ಹೆಸರು ಬಿದ್ದಿತ್ತು.

ಆ ದಿನ ಬಂದವರಿಗೆ ಊಟ ಹಾಕಿಸಿ ಕಳಿಸುವ ಸಂಭ್ರಮದಲ್ಲಿ ಅವನು ವಾಪಸ್ ತಿರುಗಿಸಲಿಲ್ಲ. ಮಧ್ಯಾಹ್ನ ಪಕ್ಕದ ಸಾಲಿನಲ್ಲಿ ವೆಲ್ಡಿಂಗ್ ಹತ್ತಿತು. ಚಿತ್ರದ ಮೂಲೆಯಲ್ಲಿ ಆ ಬೆಳಕು ಉರಿದದ್ದೇ ಸರಾಸರಿ ಏರಿ, ಬೋರ್ಡು ತಡವಾಗಿ ಚೆಲ್ಲಿ, ಪ್ರೆಸ್ಸಿನ ಬಾಯಿ ಕತ್ತಲಾಯಿತು. ಸಿಕ್ಕಿಕೊಂಡ ತಗಡನ್ನು ಬಿಡಿಸಲು ಆ ಪ್ರೆಸ್ಸಿನಲ್ಲಿ ದುಡಿಯುತ್ತಿದ್ದ ನನ್ನ ತಮ್ಮ ಬಲಗೈ ಹಾಕಿದ್ದು ಆಗಲೇ. ಕ್ಯಾಮೆರಾಕ್ಕೆ ಕೈ ಕಾಣಲಿಲ್ಲ.

ತಮ್ಮನ ತಪ್ಪಿಲ್ಲವಾದರೆ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇವೆ, ಇದ್ದರೆ ಮನೆಗೆ, ಎಂದು ಮ್ಯಾನೇಜರ್ ಮೊದಲೇ ಹೇಳಿದ್ದರು. ವಿಚಾರಣೆಯ ದಿನ ಬಟ್ಟೆ ತುಂಬಿದ ಕೈಗವಸನ್ನು ಒಳಗಿಟ್ಟು ವೆಲ್ಡಿಂಗ್ ಹಚ್ಚಿಸಿದರು. ಪ್ರೆಸ್ಸು ತಟ್ಟನೆ ನಿಂತಿತು. ನಿಲ್ಲದೆ ಏನು, ಸ್ವಿಚ್ಚು ಅಷ್ಟರಲ್ಲಿ ತನ್ನ ಜಾಗಕ್ಕೆ ಬಂದಿತ್ತು.

"ಕ್ಯಾಮೆರಾ ಸರಿಯಾಗೇ ಇದೆ ಸಾರ್," ಎಂದ ಗಂಡ. "ಹುಡುಗ ಬೇಗ ಆಗ್ಲಿ ಅಂತ ಕಾವಲು ಆಫ್ ಮಾಡ್ಕೊಂಡಿರ್ಬೇಕು."

"ಅವತ್ತು ಸ್ವಿಚ್ಚು ಬೀಗರ ಕಡೆ ಇತ್ತು," ಎಂದೆ.

"ನೀನು ನೋಡಿದ್ಯಾ?"

ನೋಡಿರಲಿಲ್ಲ. ಮ್ಯಾನೇಜರ್ ತಮ್ಮನ ಕಡೆ ತಿರುಗಿದರು. ಅವನು ಭಾವನನ್ನು ನೋಡಿದ, ಆಮೇಲೆ ನನ್ನನ್ನು.

"ಹೌದು ಸಾರ್. ಆಫ್ ಮಾಡಿದ್ದು ನಾನೇ."

ಬರೆದುಕೊಟ್ಟ ಹೇಳಿಕೆಗೆ ಎಡಗೈಯಲ್ಲಿ ಸಹಿ ಹಾಕಲು ಬಾರದೆ ಹೆಬ್ಬೆಟ್ಟು ಒತ್ತಿದ.

ಹೊರಗೆ ಸೈಕಲ್ ನಿಲ್ಲಿಸುವ ಕಡೆ ಅವನನ್ನು ಹಿಡಿದು ನಿಲ್ಲಿಸಿದೆ. "ನಿಂಗೇನು ತಲೆ ಕೆಟ್ಟಿದ್ಯಾ? ಮಾಡದೆ ಇರೋದನ್ನ ಯಾಕೋ ಒಪ್ಕೊಂಡೆ?"

"ಕೈ ಹಾಕೋಕೆ ಮುಂಚೆ ಭಾವನ್ನ ಕೇಳಿದ್ದೆ ಅಕ್ಕ, ವಾಪಸ್ ತಿರುಗ್ಸಿದ್ರಾ ಅಂತ. ಫೋನಲ್ಲಿದ್ರು. ಹೂಂ ಹೂಂ ಅಂದ್ರು."

"ಅದನ್ನ ಒಳಗೆ ಹೇಳೋದಕ್ಕೇನಾಗಿತ್ತು?"

"ಹೇಳಿದ್ರೆ ಕೈ ವಾಪಸ್ ಬರುತ್ತಾ? ನೀನು ಆ ಮನೇಲಿ ಬಾಳ್ಬೇಕಲ್ಲ."

ಅವನನ್ನು ಅಲ್ಲೇ ಬಿಟ್ಟು ಮ್ಯಾನೇಜರ್ ಕೋಣೆಗೆ ಓಡಿದೆ. ಕೇಳಿದ್ದನ್ನೆಲ್ಲ ಹೇಳಿದೆ. "ಅಕ್ಕ ಅಲ್ವಾ, ಸಹಜ," ಎಂದು ಅವರು ಫೈಲು ಮುಚ್ಚಿದರು.

ಕೆಲಸದ ಕೋಣೆಗೆ ಹೋಗಿ ಬೋರ್ಡು ಬಿಚ್ಚಿದೆ. ಸ್ವಿಚ್ಚನ್ನು ಕಿತ್ತು, ಪ್ರೆಸ್ಸಿನ ಬಾಯಿಯ ಕಡೆಗೇ ತಂತಿ ಬೆಸೆದೆ. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ನಾಳೆ ಕೊಳ್ಳೋರು ಬರ್ತಾರೆ. ಚಿತ್ರ ಹೀಗಿದ್ರೆ ಏನು ತೋರಿಸ್ಲಿ?"

ಮನೆಗೆ ಹೋಗಿ ಬಟ್ಟೆಯ ಚೀಲ ತುಂಬಿಕೊಂಡು ನೇರ ತಮ್ಮನ ಮನೆಗೆ ಹೋದೆ. ಬಾಗಿಲು ತೆಗೆದವನು ಎಡಗೈ ಚಾಚಿ ನನ್ನ ಚೀಲ ಇಸಿದುಕೊಂಡ. ಕೆಲಸ ಕಳೆದುಕೊಂಡು ಅವನು ಉಳಿಸಿಕೊಟ್ಟ ಸಂಸಾರ ಅದೇ ಸಂಜೆಯವರೆಗೂ ಬಾಳಲಿಲ್ಲ.