ಬೋರೆಯ ಮೇಲಿನ ಒಡ್ಡುಗಳು

1981ನೇ ಇಸವಿ ಮೇ 17, ಭಾನುವಾರ, ಮಧ್ಯಾಹ್ನ ಮೂರೂವರೆ ಗಂಟೆ. ಜಗಳೂರು ತಾಲ್ಲೂಕಿನ ಹುಲ್ಲಮಟ್ಟಿಯಲ್ಲಿ ಆ ವರ್ಷದ ಮೊದಲ ದೊಡ್ಡ ಮಳೆ ಶುರುವಾಯಿತು. ಊರಿನವರೆಲ್ಲ ಮನೆ ಸೇರಿಕೊಂಡರು. ಭೀಮಕ್ಕ ಮಾತ್ರ ಗೋಣಿಚೀಲದ ಕೊಪ್ಪೆಯನ್ನು ತಲೆಗೆ ಹಾಕಿಕೊಂಡು ಊರ ಮೇಲಿನ ಬೋರೆಗೆ ಹೋದಳು.

ಬೋರೆ ಎಂದರೆ ಊರಿನ ಉತ್ತರಕ್ಕಿರುವ ಇಳಿಜಾರಿನ ಕಲ್ಲುನೆಲ. ಅಲ್ಲಿ ಬಿತ್ತನೆ ಇಲ್ಲ. ಮೋಟು ಹುಲ್ಲು, ಅಲ್ಲಲ್ಲಿ ತಂಗಡಿ ಗಿಡ, ಅಷ್ಟೆ. ಖಾಲಿ ಬಿದ್ದಿದೆಯಲ್ಲ ಎಂದು, ಮನೆ ಇಲ್ಲದವರಿಗೆ ಅಲ್ಲಿಯೇ ಸೈಟು ಕೊಡಲು ಪಂಚಾಯ್ತಿ ಆ ಬೇಸಿಗೆಯಲ್ಲಿ ತೀರ್ಮಾನಿಸಿತ್ತು. ಅಳತೆಗೆ ಸರ್ವೇಯರ್ ಇನ್ನೂ ಬಂದಿರಲಿಲ್ಲ. ಆದರೆ ಭೀಮಕ್ಕ ಮತ್ತು ಅವಳ ಗಂಡ ಉಚ್ಚಂಗೆಪ್ಪ ಆಗಲೇ ತಮ್ಮ ಪಾಲಿನ ಜಾಗದ ಸುತ್ತ ಮೊಣಕಾಲೆತ್ತರದ ಮಣ್ಣಿನ ಒಡ್ಡು ಹಾಕಿದ್ದರು. ಅವರ ಕೇರಿಯ ಉಳಿದವರೂ ಹಾಗೆಯೇ ಮಾಡಿದ್ದರು.

ಆ ಸೀಮೆಯ ರೂಢಿ ಅದು. ಮಳೆ ಕಡಿಮೆ ಇರುವ ಕಡೆ ತುಂಡು ನೆಲ ಕೈಗೆ ಬಂದರೂ ಮೊದಲು ಒಡ್ಡು ಹಾಕಬೇಕು, ಬಿದ್ದ ನೀರು ಹೊರಗೆ ಹೋಗಬಾರದು. ಹೊಲಕ್ಕೆ ಅದು ಸರಿಯಾದ ಕ್ರಮವೇ. ಇದು ಹೊಲವಲ್ಲ, ಮನೆ ಕಟ್ಟುವ ಜಾಗ ಎಂಬುದು ಯಾರಿಗೂ ಹೊಳೆಯಲಿಲ್ಲ.

ಒಡ್ಡಿನೊಳಗೆ ಕೆಂಪು ನೀರು ತುಂಬಿ ನಿಂತದ್ದನ್ನು ನೋಡಿ ಭೀಮಕ್ಕನಿಗೆ ಹಿಗ್ಗಾಯಿತು. ಒಂದೇ ಅಂಕಣದ ಮನೆಯಲ್ಲಿ ಅವರು ಆರು ಜನ. ಮಗಳು ಸುಂಕಲಮ್ಮ ದೀಪಾವಳಿ ಹೊತ್ತಿಗೆ ಹೆರಿಗೆಗೆ ಬರುವವಳಿದ್ದಳು. ಬಾಣಂತಿಯನ್ನು ಮಲಗಿಸಲು ಬೇರೊಂದು ಕೋಣೆ ಬೇಕು. ಭೀಮಕ್ಕನ ಆಸೆಯೆಲ್ಲ ಅಷ್ಟೇ.

ಸಂಜೆ ಕೇರಿಗೆ ಇಳಿದು ಬಂದಾಗ ಮೊಣಕಾಲುದ್ದ ನೀರು. ಬೋರೆಯ ಮೇಲಿನ ಒಡ್ಡುಗಳು ಒಂದಕ್ಕೊಂದು ಸೇರಿಕೊಂಡು ನೀರನ್ನು ಪಕ್ಕಕ್ಕೆ ತಳ್ಳಿದ್ದವು. ಅದು ಗಾಡಿದಾರಿ ಹಿಡಿದು ನೇರ ಕೇರಿಗೆ ನುಗ್ಗಿತ್ತು. ಭೀಮಕ್ಕನ ಅತ್ತೆ ಉಡಚಮ್ಮ ಬೀಸುವ ಕಲ್ಲಿನ ಮೇಲೆ ಕಾಲು ಮುದುರಿಕೊಂಡು ಕೂತಿದ್ದಳು.

"ಬಂದ್ಯೇನೇ? ಸೈಟಿನ ನೀರು ಮನೆಗೇ ಬಂತು. ಸೈಟು ಯಾವಾಗ ಬರ್ತೈತೆ?" ಎಂದಳು.

ಉಚ್ಚಂಗೆಪ್ಪ ಎಮ್ಮೆ ಹಿಡಿದುಕೊಂಡು ಬಂದ. "ಗೋಕಟ್ಟೆಗೆ ಒಂದು ಬೊಗಸೆ ನೀರು ಬಂದಿಲ್ಲ ಕಣೇ. ಎಮ್ಮೆ ಕೆಸರು ಮೂಸಿ ಹಂಗೇ ವಾಪಸ್ ಬಂತು."

ಬೋರೆಯ ಕೆಳಗೆ ದನಕರು ನೀರು ಕುಡಿಯಲೆಂದು ಹಿಂದಿನವರು ಕಟ್ಟಿಸಿದ ಹೊಂಡವೇ ಗೋಕಟ್ಟೆ. ಮೊದಲ ದೊಡ್ಡ ಮಳೆಗೇ ಅದಕ್ಕೆ ಎಮ್ಮೆ ಮುಳುಗುವಷ್ಟು ನೀರು ಬರುತ್ತಿತ್ತು.

ಮರುದಿನ ಬೆಳಿಗ್ಗೆ ಜನ ಗೋಕಟ್ಟೆಯ ಏರಿಯ ಮೇಲೆ ಸೇರಿದರು. ಪಂಚಾಯ್ತಿ ಮೆಂಬರು ಮಲ್ಲೇಶಪ್ಪನಿಗೆ ದನಗಳು ಜಾಸ್ತಿ, ಸಿಟ್ಟೂ ಜಾಸ್ತಿ.

"ಬೋರೆ ಕೊಡಬ್ಯಾಡ್ರಿ ಅಂತ ನಾನು ಮೊದ್ಲೇ ಬಡ್ಕೊಂಡೆ," ಎಂದ.

"ದನ ನಿಮ್ಮವು, ಗೋಕಟ್ಟೆನೂ ನಿಮ್ಮ ದನಕ್ಕೇ. ಜಾಗ ಬಿಟ್ಟುಕೊಡಾಕೆ ಮಾತ್ರ ನಾವು ಬೇಕಾ ಯಜಮಾನ್ರೆ?" ಎಂದು ಭೀಮಕ್ಕ ಕೇಳಿದಳು. "ನಮ್ಮ ಸರದಿ ಬಂದಾಗಲೇ ಎಲ್ಲರಿಗೂ ಹುಲ್ಲು ನೀರು ನೆನಪಾಗೋದು."

ಅಷ್ಟರಲ್ಲಿ ಗ್ರಾಮಸೇವಕ ಜಯಪ್ಪ ಸೈಕಲ್ ತಳ್ಳಿಕೊಂಡು ಬಂದ. ಅವನು ಭೀಮಕ್ಕನ ತವರೂರಿನವನು, ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಏರಿಯಿಂದ ಬೋರೆಯನ್ನೂ ಕೇರಿಯನ್ನೂ ಸ್ವಲ್ಪ ಹೊತ್ತು ನೋಡಿದ.

"ಅಕ್ಕ, ಮಳೆ ಬಂದಾಗ ನಿಮ್ಮ ಮಾಳಿಗೆ ಅಂಚಿನ ದೋಣಿ ಕೆಳಗೆ ಕೊಡ ಇಡ್ತೀಯಲ್ಲ, ಅದು ಹೆಂಗೆ ತುಂಬ್ತೈತೆ?"

"ಮಾಳಿಗೆ ಮೇಲಿನ ನೀರೆಲ್ಲ ದೋಣಿಗೆ ಬರ್ತೈತೆ, ತುಂಬ್ತೈತೆ. ಇದೇನು ಕೇಳೋ ಮಾತಾ?"

"ಮಾಳಿಗೆ ಮೇಲೆ ಅಲ್ಲಲ್ಲಿ ಮಣ್ಣಿನ ಕಟ್ಟೆ ಕಟ್ಟಿದ್ರೆ?"

"ನೀರು ಅಲ್ಲೇ ನಿಂತು ಮನೆಯೊಳಗೆ ಸೋರ್ತೈತೆ. ಕೊಡ ಖಾಲಿ."

"ನಿನ್ನೆ ಆಗಿದ್ದು ಅದೇ. ಗೋಕಟ್ಟೆ ಅನ್ನೋ ಕೊಡಕ್ಕೆ ಈ ಬೋರೆನೇ ಮಾಳಿಗೆ. ಇಲ್ಲಿ ಏನೂ ಬೆಳೆಯಲ್ಲ, ಖರೆ. ಇದು ನೀರು ಬೆಳೆಯೋ ನೆಲ."

"ಹಂಗಾದ್ರೆ ಒಡ್ಡು ತೆಗೆದು ಬರೀ ಮನೆ ಕಟ್ತೀವಿ," ಎಂದ ಉಚ್ಚಂಗೆಪ್ಪ.

"ಗೋಡೆನೂ ನೀರು ತಡೀತೈತಲ್ಲಣ್ಣ. ಆಮೇಲೆ ಬಚ್ಚಲ ನೀರು, ತಿಪ್ಪೆ ನೀರು ಎಲ್ಲಿಗೆ ಇಳೀತೈತೆ? ಇದೇ ಗೋಕಟ್ಟೆಗೆ."

ಭೀಮಕ್ಕ ಒಪ್ಪಲಿಲ್ಲ. "ತಮ್ಮ, ನೀನೂ ಅವರ ಕಡೆಗೇ ಆದೆಯಾ? ಎಮ್ಮೆ ಒಂದು ಇಟ್ಕೊಂಡಿರೋ ನಮಗೆ ಗೋಕಟ್ಟೆಯಿಂದ ಏನಾಗಬೇಕೈತೆ?"

ಜಯಪ್ಪ ಏರಿಯ ಕೆಳಗಿದ್ದ ಕೇರಿಯ ಬಾವಿಯತ್ತ ಕೈ ಮಾಡಿದ. "ಗೋಕಟ್ಟೆ ಒಣಗಿದ ವರ್ಷ ಆ ಬಾವಿ ಏನಾಗಿತ್ತು?"

ಭೀಮಕ್ಕ ಬಾವಿಯತ್ತ ತಿರುಗಿ ನೋಡಿದಳು. ಆ ವರ್ಷ ಅವಳು ತೋಟದ ಬಾವಿಗಳ ಬಳಿ ಕೊಡ ಹಿಡಿದು, ಯಾರಾದರೂ ಸೇದಿ ಹಾಕಲಿ ಎಂದು ಕಾದು ನಿಂತದ್ದು ಊರಿಗೇ ಗೊತ್ತು. ಗೋಕಟ್ಟೆಯಲ್ಲಿ ನಿಂತ ನೀರು ನೆಲದೊಳಗೆ ಇಂಗಿ ಕೇರಿಯ ಬಾವಿಗೆ ಬರುತ್ತದೆ. ಗೋಕಟ್ಟೆ ಹೋದರೆ ಮೊದಲು ಬರಿದಾಗುವುದು ಅವಳ ಕೊಡವೇ.

"ಸರಿ," ಎಂದಳು. "ಒಡ್ಡು ಒಡೀತೀವಿ. ಆದರೆ ಮೊದಲು ಬೇರೆ ಜಾಗ ತೋರಿಸ್ರಿ. ತೋರಿಸಿದ ದಿನ ನಾನೇ ಗುದ್ದಲಿ ಹಿಡೀತೀನಿ. ಅಲ್ಲಿವರೆಗೂ ಒಂದು ಹೆಂಟೆ ಮಣ್ಣು ತೆಗೆಯಲ್ಲ."

ಈ ಮಾತಿನಲ್ಲಿ ತಪ್ಪಿರಲಿಲ್ಲ. ಬಯಲನ್ನು ಉಳಿಸಿ ಎಂದು ಮನೆ ಇಲ್ಲದವರಿಗೆ ಹೇಳುವವರು, ಮನೆ ಎಲ್ಲಿ ಕಟ್ಟಬೇಕೆಂಬುದನ್ನೂ ಹೇಳಬೇಕು. ಜಯಪ್ಪ ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಊರನ್ನು ಬರೆದ. ನೀರು ಹರಿಯುವ ಕಡೆಗೆಲ್ಲ ಗೆರೆ ಎಳೆದ. ದಿಬ್ಬದ ಆಚೆ, ಜಗಳೂರು ರಸ್ತೆಯ ಪಕ್ಕದ ಸರ್ಕಾರಿ ಬೀಳು ನೆಲದಲ್ಲಿ ಮಾತ್ರ ಗೆರೆ ಗೋಕಟ್ಟೆಯತ್ತ ಬರಲಿಲ್ಲ.

"ಇಲ್ಲಿ ಎಷ್ಟು ಮನೆ ಎದ್ರೂ ಗೋಕಟ್ಟೆಗೆ ತೊಂದರೆ ಇಲ್ಲ. ನಾಳೆ ಮಕ್ಕಳು ಮೊಮ್ಮಕ್ಕಳಿಗೆ ಮನೆ ಬೇಕಾದ್ರೂ ಊರು ಈ ಕಡೆಗೇ ಬೆಳೀಬೇಕು."

ಎಲ್ಲರೂ ಮಲ್ಲೇಶಪ್ಪನ ಮುಖ ನೋಡಿದರು. ಆ ಬೀಳಿನ ತುಂಬ ಅವನ ಮೇವಿನ ಬಣವೆಗಳು, ತಿಪ್ಪೆಗಳು.

"ಅಪ್ಪನ ಕಾಲದಿಂದ ಬಣವೆ ಅಲ್ಲೇ ಒಟ್ಟತಿದೀವಿ," ಎಂದು ಮಲ್ಲೇಶಪ್ಪ ಗೊಣಗಿದ.

"ನಿಮ್ಮ ಬಣವೆಗೆ ಬಾಣಂತನ ಏನಿಲ್ಲವಲ್ಲ ಯಜಮಾನ್ರೆ. ಸ್ವಲ್ಪ ಅತ್ತ ಸರಿದು ಕೂತ್ಕೊಂತೈತೆ ಬಿಡ್ರಿ," ಎಂದಳು ಭೀಮಕ್ಕ.

ಏರಿಯ ಮೇಲಿದ್ದವರೆಲ್ಲ ನಕ್ಕರು. ಮಲ್ಲೇಶಪ್ಪನಿಗೂ ನಗು ಬಂತು. ಖಾಲಿ ಗೋಕಟ್ಟೆಯ ಸುತ್ತ ಅವನ ದನಗಳೇ ನಿಂತಿದ್ದವು. "ಆಯ್ತಮ್ಮ, ಈ ವಾರದಾಗೆ ತೆಗೆಸ್ತೀನಿ. ನೀನು ಮಾತು ತಪ್ಪಬ್ಯಾಡ," ಎಂದ.

ಬಣವೆ ಸರಿಯಿತು. ಪಂಚಾಯ್ತಿ ಹೊಸದಾಗಿ ತೀರ್ಮಾನಿಸಿ ತಾಲ್ಲೂಕು ಕಚೇರಿಗೆ ಬರೆಯಿತು. ಜೂನ್ ಮೊದಲ ವಾರ ಸರ್ವೇಯರ್ ಬಂದು ರಸ್ತೆ ಪಕ್ಕದ ಬೀಳಿನಲ್ಲಿ ಕಲ್ಲು ನೆಟ್ಟರು. ಸೈಟುಗಳ ನಡುವೆ ಗಾಡಿ ಹೋಗುವಷ್ಟು ದಾರಿ, ದಾರಿಯ ಪಕ್ಕ ಮಳೆನೀರಿಗೆ ಕಾಲುವೆ ಬಿಟ್ಟರು. ಮಧ್ಯದ ಒಂದು ಜಾಗವನ್ನು ಯಾರಿಗೂ ಕೊಡಲಿಲ್ಲ. ಸುಗ್ಗಿಯಲ್ಲಿ ಅದು ಕಣ, ಉಳಿದ ದಿನ ಮಕ್ಕಳ ಆಟದ ಬಯಲು.

ಕಲ್ಲು ನೆಟ್ಟ ದಿನವೇ ಭೀಮಕ್ಕ ಗುದ್ದಲಿ ಹಿಡಿದು ಬೋರೆಗೆ ಹೋದಳು. ತಾನೇ ಹೊತ್ತು ಹಾಕಿದ ಮಣ್ಣನ್ನು ಒಡೆಯುವಾಗ ಒಂದು ಗಳಿಗೆ ಕೈ ತಡೆಯಿತು. ಆಮೇಲೆ ತಡೆಯಲಿಲ್ಲ. ಮುಸ್ಸಂಜೆಯೊಳಗೆ ಕೇರಿಯವರೆಲ್ಲ ಸೇರಿ ಒಡ್ಡುಗಳನ್ನು ನೆಲಸಮ ಮಾಡಿದರು.

ಮುಂದಿನ ದೊಡ್ಡ ಮಳೆ ಬಂದಾಗ ಉಡಚಮ್ಮ ಮೊದಲೇ ಬೀಸುವ ಕಲ್ಲು ಹತ್ತಿ ಕೂತಳು. ಕೇರಿಗೆ ನೀರು ಬರಲಿಲ್ಲ. ಬೋರೆಯ ಮೈಮೇಲೆಲ್ಲ ಸಣ್ಣ ಸಣ್ಣ ಧಾರೆಗಳು ಇಳಿದು, ಹಳೆಯ ದಾರಿ ಹುಡುಕಿಕೊಂಡು ಗೋಕಟ್ಟೆ ಸೇರಿದವು.

"ಇಳಿದು ಬಾ ಅತ್ತೆ, ನೀರು ಗೋಕಟ್ಟೆಗೆ ಹೋತು," ಎಂದಳು ಭೀಮಕ್ಕ.

ಸುಂಕಲಮ್ಮ ಹೆರಿಗೆಗೆ ಬಂದಾಗ ಹೊಸ ಮನೆಯ ಗೋಡೆಗೆ ಇನ್ನೂ ಸುಣ್ಣ ಬಳಿದಿರಲಿಲ್ಲ. ಆದರೆ ಸೂರು ಇತ್ತು, ಬಾಣಂತಿಗೆ ಒಂದು ಕೋಣೆ ಇತ್ತು. ಬಾವಿಯಲ್ಲಿ ಕೈಗೆಟುಕುವಷ್ಟು ಮೇಲೆ ನೀರಿತ್ತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರೂ ಬೆಳೆಯುತ್ತಿದೆ, ಬೆಳೆಯಲೇಬೇಕು. ಪ್ರತಿಯೊಂದು ಸಂಸಾರಕ್ಕೂ ಮನೆ ಬೇಕು. ಕಲ್ಲು ನೆಡುವ ಮೊದಲು ಒಂದು ಮಳೆಯಲ್ಲಿ ಊರ ಸುತ್ತ ನಡೆದು ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಗುರುತು ಮಾಡಿ. ಆ ದಾರಿಯನ್ನು, ದನ ಮೇಯುವ ಬಯಲನ್ನು, ಮಕ್ಕಳು ಆಡುವ ಜಾಗವನ್ನು ಬಿಟ್ಟು ಮನೆಗೆ ನೆಲ ಆರಿಸಿ. ಸೈಟಿನ ವಿಷಯ ಪಂಚಾಯ್ತಿಗೆ ಬಂದ ದಿನ ಹೆಂಗಸರೂ ಹೋಗಿ ಕೂತು, ಭೀಮಕ್ಕನ ಹಾಗೆ ಕೇಳಿ. ಖಾಲಿ ಕಾಣುವ ನೆಲವೆಲ್ಲ ಖಾಲಿಯಲ್ಲ.

ಆ ವರ್ಷ ಅಕ್ಟೋಬರ್ 25ರ ಬೆಳಿಗ್ಗೆ ಜಯಪ್ಪ ಬಿದಿರಿನ ಗಳ ಇಳಿಸಿ ಅಳೆದಾಗ, ಹುಲ್ಲಮಟ್ಟಿಯ ಗೋಕಟ್ಟೆಯಲ್ಲಿ ನೀರಿನ ಆಳ ಏಳು ಅಡಿ ನಾಲ್ಕು ಅಂಗುಲ.